ಪರಂಗಿ ಎಲೆಯ ಮಾತ್ರೆ, ಸಿರಪ್, ಹಸಿ ರಸ: ಡೆಂಗಿಯಲ್ಲಿ ಯಾವುದಕ್ಕೆ ಎಷ್ಟು ಅಂಕ?

ಡೆಂಗಿ ಎಂದು ರಿಪೋರ್ಟ್ ಬಂದ ದಿನವೇ ರೋಗಿಯ ಮಂಚದ ಪಕ್ಕ ಸಾಲುಗಟ್ಟಿ ಬಂದು ನಿಲ್ಲುತ್ತವೆ: ಪರಂಗಿ ಎಲೆಯ ಮಾತ್ರೆ, ಅದರದ್ದೇ ಸಿರಪ್, ಯಾರೋ ಕುಟ್ಟಿ ತಂದ ಹಸಿರು ರಸ, ಅಮೃತಬಳ್ಳಿ ಕಷಾಯ, ಆಡಿನ ಹಾಲು, ಕಿವಿ ಹಣ್ಣು, ಹೋಮಿಯೋಪತಿ ಗುಳಿಗೆ. ಡೆಂಗಿ ವೈರಸ್ಸನ್ನೇ ಹೊಡೆಯುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ವೈದ್ಯರು ಬರೆದುಕೊಡುವುದು ಪ್ಯಾರಸಿಟಮಾಲ್, ಹೇಳುವುದು ಚೆನ್ನಾಗಿ ನೀರು ಕುಡಿಯಿರಿ ಎಂದು. ಚೀಟಿ ನೋಡಿದವರಿಗೆ ‘ಇಷ್ಟೇನಾ?’ ಅನ್ನಿಸುತ್ತದೆ. ಆ ಖಾಲಿ ಜಾಗದಲ್ಲೇ ಉಳಿದವೆಲ್ಲ ಬಂದು ಕೂರುವುದು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡೋಣ. ಹೆಚ್ಚು ಜಾಗ ಪರಂಗಿ ಎಲೆಗೆ, ಏಕೆಂದರೆ ಈ ಸಾಲಿನಲ್ಲಿ ರೋಗಿಗಳ ಮೇಲೆ ಒಂದಿಷ್ಟಾದರೂ ಪರೀಕ್ಷೆಯಾಗಿರುವುದು ಅದೇ.

ಅಂಕ ಕೊಡುವ ಮೊದಲು ಅಳತೆಗೋಲು ಸರಿಮಾಡಿಕೊಳ್ಳಬೇಕು. ಜ್ವರ ಶುರುವಾದ ದಿನವನ್ನು 1ನೇ ದಿನ ಎಂದು ಎಣಿಸಿ. ಜ್ವರ 2ರಿಂದ 7 ದಿನ ಕಾಡುತ್ತದೆ. 3ರಿಂದ 7ನೇ ದಿನದ ನಡುವೆ ಎಲ್ಲೋ ಜ್ವರ ಇಳಿಯುತ್ತದೆ, ಸರಿಸುಮಾರು ಅದೇ ಹೊತ್ತಿಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ ಸಂಖ್ಯೆ, ಕುಸಿಯುತ್ತದೆ. ಅಪಾಯದ 24ರಿಂದ 48 ಗಂಟೆ ಇರುವುದು ಇಲ್ಲೇ. ಅದನ್ನು ದಾಟಿದ ಬಹುಪಾಲು ರೋಗಿಗಳಲ್ಲಿ ಮೊದಲು ಬಿಳಿ ರಕ್ತಕಣ, ಅದರ ಹಿಂದೆಯೇ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ಒಂದು ಮಾದರಿ ಚಾರ್ಟ್ ಊಹಿಸಿಕೊಳ್ಳಿ: 2ನೇ ದಿನ 1,80,000, 4ನೇ ದಿನ 95,000, 5ನೇ ದಿನ 48,000, 6ನೇ ದಿನ 41,000, 7ನೇ ದಿನ 62,000, 8ನೇ ದಿನ 1,10,000. ಯಾವ ಎಲೆಯನ್ನೂ ಮುಟ್ಟದ ರೋಗಿಯ ಚಾರ್ಟ್ ಕೂಡ ಹೀಗೇ ಇರಬಲ್ಲದು. ಈಗ ಮಾತ್ರೆ ಯಾವಾಗ ಶುರುವಾಗುತ್ತದೆ ನೋಡಿ. ಸಂಖ್ಯೆ ಒಂದು ಲಕ್ಷದ ಕೆಳಗೆ ಬಂದು ಮನೆಯವರಿಗೆ ಗಾಬರಿ ಹತ್ತಿದ ಮೇಲೆ, ಅಂದರೆ 4 ಅಥವಾ 5ನೇ ದಿನ. ಮೂರು ದಿನ ಕೊಡುವಷ್ಟರಲ್ಲಿ ಸಂಖ್ಯೆ ಏರಿರುತ್ತದೆ. ಆ ಮೂರು ದಿನ ಕಿವಿ ಹಣ್ಣು ಕೊಟ್ಟಿದ್ದರೆ ಹೆಸರು ಕಿವಿ ಹಣ್ಣಿಗೆ, ಆಡಿನ ಹಾಲು ಕೊಟ್ಟಿದ್ದರೆ ಆಡಿಗೆ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಅಜ್ಜಿಯ ಲೆಕ್ಕ ಇದು.

ಇದರ ಮೇಲೆ ಲ್ಯಾಬಿನ ಆಟ ಬೇರೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ರಾಸಾಯನಿಕದಿಂದಲೇ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ಯಂತ್ರ ಅವನ್ನು ಕಡಿಮೆ ಎಣಿಸುತ್ತದೆ. ಯಂತ್ರದಿಂದ ಯಂತ್ರಕ್ಕೂ ವ್ಯತ್ಯಾಸವಿದೆ. ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 41,000, ಸಂಜೆ ಇನ್ನೊಂದರಲ್ಲಿ 46,000 ಬಂದರೆ ಅದನ್ನು ಏರಿಕೆ ಎನ್ನಲಾಗದು. ಸಂಖ್ಯೆ ನಂಬಲಾಗದಷ್ಟು ಕಡಿಮೆ ಬಂದಾಗ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುವುದು ಅದಕ್ಕೇ.

ಇನ್ನೊಂದು ಮಾತು, ಇಡೀ ವಿಮರ್ಶೆ ನಿಂತಿರುವುದು ಇದರ ಮೇಲೆ. ಡೆಂಗಿಯಲ್ಲಿ ಪ್ರಾಣಕ್ಕೆ ಕುತ್ತು ತರುವುದು ಮುಖ್ಯವಾಗಿ ಪ್ಲಾಸ್ಮಾ ಸೋರಿಕೆ. ರಕ್ತನಾಳದ ಗೋಡೆಯಿಂದ ರಕ್ತದ ನೀರಿನ ಭಾಗ ಹೊಟ್ಟೆಗೆ, ಎದೆಗೆ ಜಿನುಗಿ ಹೋಗುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಇದನ್ನು ತೋರಿಸುವುದು ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಅಥವಾ ಪಿಸಿವಿ ಎಂದು ಬರೆದಿರುವ ಸಾಲು, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಲೆಕ್ಕ. ರೋಗಿಯ ಮೊದಲಿನ ಮಟ್ಟಕ್ಕಿಂತ ಅದು 20 ಶೇಕಡಾ ಏರಿದರೆ ಸೋರಿಕೆ ಗಂಭೀರ ಎಂದರ್ಥ: 40 ಇದ್ದದ್ದು 48 ಆದರೆ ಸಾಕು. ಮನೆಯವರು ಪ್ಲೇಟ್‌ಲೆಟ್ ಸಾಲಿಗೆ ಕೆಂಪು ಗೆರೆ ಎಳೆದುಕೊಂಡು ಕೂತಿರುತ್ತಾರೆ, ಅಪಾಯ ಎರಡು ಸಾಲು ಮೇಲೆ ಇರುತ್ತದೆ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಏರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2017ರಲ್ಲಿ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದ ಪ್ರಯೋಗದಲ್ಲಿ, ಸಂಖ್ಯೆ 20,000 ಅಥವಾ ಅದಕ್ಕೂ ಕೆಳಗಿದ್ದು ಹೆಚ್ಚಿನ ರಕ್ತಸ್ರಾವವಿಲ್ಲದ ವಯಸ್ಕರಿಗೆ ನೇರವಾಗಿ ರಕ್ತನಾಳಕ್ಕೇ ಪ್ಲೇಟ್‌ಲೆಟ್ ಕೊಟ್ಟು ನೋಡಿದರು. ರಕ್ತಸ್ರಾವ ತಪ್ಪಿಸುವುದರಲ್ಲಿ ಅದರಿಂದ ಲಾಭ ಕಾಣಲಿಲ್ಲ. ಚೀಲದಲ್ಲಿ ಬಂದ ಪ್ಲೇಟ್‌ಲೆಟ್ಟಿನದೇ ಈ ಕಥೆಯಾದರೆ ಎಲೆಯಿಂದ ಎಷ್ಟು ಬಯಸಬಹುದು?

ಈಗ ಮಾತ್ರೆ. ಸಾಮಾನ್ಯವಾಗಿ ಸಿಗುವುದು 1,100 ಮಿಲಿಗ್ರಾಂ ಎಲೆಯ ಸಾರದ್ದು, ದಿನಕ್ಕೆ ಮೂರು ಬಾರಿ, ಐದು ದಿನ. ಒಟ್ಟು 15 ಮಾತ್ರೆ. ಮೂರರಲ್ಲಿ ವಾಸಿ ಎನ್ನಬಹುದಾದದ್ದು ಇದೇ, ಕಾರಣ ಸರಳ: ಅಳತೆ ಒಂದೇ ಇರುತ್ತದೆ, ಹೊರಗಿನ ಲೇಪ ಕಹಿಯನ್ನು ಮುಚ್ಚುತ್ತದೆ, ಕೊಳಕು ನೀರಿನ ಭಯವಿಲ್ಲ. ಆದರೆ ಲೇಬಲ್ ಓದಿ. ‘ಎಲೆಯ ಸಾರ’ ಮತ್ತು ‘ಎಲೆಯ ಪುಡಿ’ ಒಂದೇ ವಸ್ತುವಲ್ಲ. ಎಷ್ಟು ಕಿಲೋ ಎಲೆಯಿಂದ ಒಂದು ಕಿಲೋ ಸಾರ ತೆಗೆದಿದ್ದಾರೆ ಎಂಬ ಅನುಪಾತ ಬರೆದಿಲ್ಲವೆಂದರೆ 1,100 ಎಂಬ ಅಂಕಿಗೆ ಹೆಚ್ಚು ಅರ್ಥವಿಲ್ಲ. ಯಾವ ಘಟಕವನ್ನು ಅಳೆದು ಪ್ರತಿ ಬ್ಯಾಚನ್ನೂ ಸಮ ಮಾಡಿದ್ದಾರೆ ಎಂಬುದೂ ಇರಬೇಕು. ಅದಿಲ್ಲದಿದ್ದರೆ ಎರಡು ಕಂಪನಿಯ ಮಾತ್ರೆಗಳನ್ನು ತೂಗಿ ನೋಡುವ ದಾರಿಯೇ ಇಲ್ಲ. ಇನ್ನು ಕೆಲವು ಪರಂಗಿಯ ಹೆಸರಲ್ಲೇ ಬಂದು ಒಳಗೆ ಅಮೃತಬಳ್ಳಿ, ನೆಲಬೇವು ಎಲ್ಲ ಸೇರಿಸಿಕೊಂಡಿರುತ್ತವೆ. ಅಂಥವು ಬೇಡ. ಮೈಮೇಲೆ ದದ್ದು ಬಂದರೆ, ಲಿವರ್ ಎಂಜೈಮ್ ಏರಿದರೆ ಯಾವುದರಿಂದ ಎಂದು ಹುಡುಕುವುದು ಕಷ್ಟ.

ಮಾತ್ರೆ ದಪ್ಪ. ಗಂಟಲು ಕೆರೆಯುತ್ತಿರುವವರಿಗೆ ನುಂಗುವುದೇ ಶಿಕ್ಷೆ. ಮುರಿದು ಕೊಟ್ಟರೆ ಲೇಪ ಹೋಗಿ ಕಹಿ ಬಾಯಿಗೆ ಬರುತ್ತದೆ, ಕಹಿಯ ಹಿಂದೆ ವಾಂತಿ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಒಂದಿಷ್ಟು ಗಂಜಿಯೋ ಮತ್ತೇನೋ ಹೊಟ್ಟೆಗೆ ಬಿದ್ದ ಮೇಲೆ ಒಂದು ಲೋಟ ನೀರಿನ ಜೊತೆ ಕೊಡಿ. ಈ ವಾಂತಿಯ ವಿಷಯವನ್ನು ಯಾವ ಪೆಟ್ಟಿಗೆಯ ಮೇಲೂ ಗಂಭೀರವಾಗಿ ಬರೆಯುವುದಿಲ್ಲ, ನಮ್ಮ ದೊಡ್ಡ ತಕರಾರು ಅಲ್ಲೇ. ಬಿಡದೆ ವಾಂತಿಯಾಗುವುದು ಡೆಂಗಿ ಉಲ್ಬಣಿಸುತ್ತಿರುವುದರ ಒಂದು ಮುಖ್ಯ ಎಚ್ಚರಿಕೆ. ಎಲೆಯ ಸಾರದಿಂದಲೂ ವಾಂತಿಯಾಗುತ್ತದೆ. ಮಾತ್ರೆಯದ್ದಿರಬೇಕು ಬಿಡಿ ಎಂದು ಮನೆಯವರು ಸುಮ್ಮನಾದ ಆರು ಗಂಟೆಯಲ್ಲಿ ರೋಗಿ ಆಘಾತಕ್ಕೆ, ಅಂದರೆ ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಜಾರಿರಬಹುದು. ಹಾಗಾಗಿ ನಿಯಮ ಕಟ್ಟುನಿಟ್ಟಾಗಿರಲಿ: ವಾಂತಿ ಶುರುವಾದರೆ ಎಲೆಯ ಉತ್ಪನ್ನವನ್ನು ಅಲ್ಲಿಗೇ ನಿಲ್ಲಿಸಿ, ಆಮೇಲೂ ಕುಡಿದದ್ದು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಹೋದ ಮಾತ್ರೆಯನ್ನು ಇನ್ನೊಂದು ಕೊಟ್ಟು ತುಂಬಿಸುವ ಹಟ ಬೇಡ. ಮಾತ್ರೆಗೆ ಐದಕ್ಕೆ ಎರಡೂವರೆ.

ಸಿರಪ್ಪಿಗೆ ಎರಡು. ಮಕ್ಕಳಿಗೆ, ಮಾತ್ರೆ ನುಂಗಲಾಗದವರಿಗೆ ಎಂದು ಮಾರುತ್ತಾರೆ. ಮೊದಲ ತೊಡಕು ಲೆಕ್ಕದ್ದು. ಲೇಬಲ್ಲಿನಲ್ಲಿ 5 ಮಿಲಿಗೆ ಸಾರ 250 ಮಿಲಿಗ್ರಾಂ ಎಂದಿದ್ದರೆ, ಒಂದು ಮಾತ್ರೆಯ ಸಾರ ಸಿಗಲು 22 ಮಿಲಿ ಬೇಕು. ಅದೇ ಬಾಟಲಿ ಮೇಲೆ ‘ಎರಡು ಚಮಚ’ ಎಂದು ಬರೆದಿದ್ದರೆ ಅದು ಮಾತ್ರೆಯ ಅರ್ಧಕ್ಕೂ ಕಡಿಮೆ. ಹಾಗೆಂದು ಮಕ್ಕಳಿಗೆ ಈ ಲೆಕ್ಕ ಹಾಕಿ ಹೆಚ್ಚು ಕುಡಿಸಬೇಡಿ, ಅವರ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಅಡುಗೆಮನೆಯ ಚಮಚ ಅಳತೆಗೆ ಬಾರದು, ಬಾಟಲಿ ಜೊತೆ ಬರುವ ಮುಚ್ಚಳದ ಗೆರೆ ನೋಡಿ ಹಾಕಿ. ಕಹಿ ಮುಚ್ಚಲು ಸಕ್ಕರೆ ತುಂಬಿರುತ್ತಾರೆ, ಸಕ್ಕರೆ ಇಲ್ಲದ್ದರಲ್ಲಿ ಸಾರ್ಬಿಟಾಲ್ ಇರುತ್ತದೆ. ಅದು ಹೆಚ್ಚಾದರೆ ಭೇದಿ. ನೀರು ಉಳಿಸಿಕೊಳ್ಳಬೇಕಾದ ಕಾಯಿಲೆಯಲ್ಲಿ ಭೇದಿ ತರಿಸಿಕೊಳ್ಳುವುದು ಜಾಣತನವಲ್ಲ. ಇನ್ನೊಂದು ಕಿರಿಕಿರಿ ಬಣ್ಣದ್ದು: ಕಡು ಕಂದು ಸಿರಪ್ ಕುಡಿದವರು ವಾಂತಿ ಮಾಡಿದರೆ ಅದು ಜಠರದಲ್ಲಿ ರಕ್ತ ಒಸರಿದಾಗ ಬರುವ ಕಾಫಿ ಗಸಿಯಂಥ ವಾಂತಿಯ ಹಾಗೇ ಕಾಣುತ್ತದೆ. ನೋಡಿದ ವೈದ್ಯರಿಗೂ ಗೊಂದಲ.

ಹಸಿ ರಸದ ಪರವಾಗಿ ಒಂದು ಮಾತು ಹೇಳಬೇಕು: ಹೆಚ್ಚು ಉಲ್ಲೇಖವಾಗುವ ಪ್ರಯೋಗ ನಡೆದದ್ದು ಇದರ ಮೇಲೆಯೇ. ಮಲೇಷ್ಯಾದಲ್ಲಿ 228 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 50 ಗ್ರಾಂ ತಾಜಾ ಎಲೆಯ ರಸವನ್ನು ದಿನಕ್ಕೆ ಒಮ್ಮೆ, ಬೆಳಗಿನ ತಿಂಡಿಯಾದ 15 ನಿಮಿಷಕ್ಕೆ, ಸತತ ಮೂರು ದಿನ ಕೊಟ್ಟರು. ರಸ ಕುಡಿದವರಲ್ಲಿ 40 ಗಂಟೆಯ ಹೊತ್ತಿಗೆ ಪ್ಲೇಟ್‌ಲೆಟ್ ಏರಿಕೆ ಎದ್ದು ಕಂಡಿತು. ಪ್ಲೇಟ್‌ಲೆಟ್ ತಯಾರಿಗೆ ಸಂಬಂಧಿಸಿದ ಎರಡು ಜೀನ್‌ಗಳ ಚಟುವಟಿಕೆಯೂ ಹೆಚ್ಚಿತ್ತು. ಆದರೆ ಯಾರು ರಸ ಕುಡಿದರು, ಯಾರು ಕುಡಿಯಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಪ್ರಯೋಗ ಅದು, ಹುಸಿ ಔಷಧ ಕೊಟ್ಟು ಹೋಲಿಸಿದ್ದಲ್ಲ. ಆಮೇಲೆ ಸಾರದ ಮಾತ್ರೆ, ಕ್ಯಾಪ್ಸೂಲ್‌ಗಳ ಮೇಲೂ ಪ್ರಯೋಗ ನಡೆದಿವೆ, ಹಲವು ಕಡೆ ಸಂಖ್ಯೆ ತುಸು ಬೇಗ ಏರಿದ್ದು ಕಂಡಿದೆ. ಸಾವು ತಗ್ಗಿತು, ಆಘಾತ ತಪ್ಪಿತು, ಸೋರಿಕೆ ನಿಂತಿತು ಎಂದು ತೋರಿಸಿದ ಗಟ್ಟಿ ಪ್ರಯೋಗ ಮಾತ್ರ ಇಲ್ಲ.

ಮನೆಯಲ್ಲಿ ಮಾಡುವ ರಸ ಆ ಪ್ರಯೋಗದ ರಸವಾಗಿರುವುದೂ ಅಪರೂಪ. ಎಲೆ ತೂಗುವವರು ಎಷ್ಟು ಜನ? ದೊಡ್ಡ ಎಲೆಯೊಂದೇ 50 ಗ್ರಾಂ ದಾಟಬಹುದು, ಜನ ನಾಲ್ಕೈದು ಎಲೆ ರುಬ್ಬಿ ದಿನಕ್ಕೆ ಮೂರು ಲೋಟ ಕುಡಿಸುತ್ತಾರೆ. ಮಾಡಲೇಬೇಕೆಂದಿದ್ದರೆ ಕ್ರಮ ಹೀಗೆ. ತೀರಾ ಎಳೆಯದೂ ಹಳದಿಗೆ ತಿರುಗಿದ್ದೂ ಅಲ್ಲದ ಎಲೆ ಆರಿಸಿ. ದಂಟು, ದಪ್ಪ ನರ ಬಿಡಿಸಿ, ಹಸಿರು ಭಾಗವನ್ನಷ್ಟೇ ತಕ್ಕಡಿಯಲ್ಲಿ 50 ಗ್ರಾಂ ತೂಗಿ. ಕತ್ತರಿಸಿದ ಕಡೆ ಒಸರುವ ಬಿಳಿ ಹಾಲು ಬಾಯಿ, ಗಂಟಲನ್ನು ಕೆರೆಸುತ್ತದೆ. ಅದು ಹೋಗುವಷ್ಟು ಹೊತ್ತು ಹರಿಯುವ ನೀರಿನಲ್ಲಿ ತೊಳೆಯಿರಿ, ಕೀಟನಾಶಕ ಹೊಡೆದ ಗಿಡದ್ದಾದರೆ ಬಿಟ್ಟೇಬಿಡಿ. ಕುದಿಸಿ ಆರಿಸಿದ ನೀರು ಒಂದೆರಡು ಚಮಚ ಮಾತ್ರ ಚಿಮುಕಿಸಿ ಜಜ್ಜಿ, ಶುಭ್ರ ಬಟ್ಟೆಯಲ್ಲಿ ಹಿಂಡಿ. ಬರುವುದು ಕೆಲವೇ ಚಮಚ ರಸ, ಕಡು ಹಸಿರು, ಮೇಲೆ ನೊರೆ, ನಾಲಿಗೆಗೆ ತಾಗಿದರೆ ಮುಖ ಕಿವುಚುವಷ್ಟು ಕಹಿ. ಆಗಲೇ ಕುಡಿಯಬೇಕು, ಫ್ರಿಜ್ಜಿನಲ್ಲಿಟ್ಟು ಮರುದಿನಕ್ಕೆ ಕೊಡುವುದು ಬೇಡ. ಎಲೆ ಕುದಿಸಿದ ಕಷಾಯವೂ ಇದೇ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ, ಅದು ಬೇರೆಯೇ ವಸ್ತು. ಇಷ್ಟೆಲ್ಲ ಮಾಡಿದರೂ ಹೊಟ್ಟೆಯಲ್ಲಿ ಉಳಿಯುತ್ತದೆ ಎಂಬ ಖಾತರಿಯಿಲ್ಲ. ಒಂದೂವರೆ ಅಂಕ.

ಯಾರು ಈ ಮೂರನ್ನೂ ಮುಟ್ಟಬಾರದು: ಗರ್ಭಿಣಿಯರು, ರಬ್ಬರ್ ಹಾಲಿನ ಅಲರ್ಜಿ ಇರುವವರು, ಏಕೆಂದರೆ ಪರಂಗಿಯ ಹಾಲಿಗೂ ಅದೇ ಅಲರ್ಜಿ ಎದ್ದೇಳಬಹುದು, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆ ತೆಗೆದುಕೊಳ್ಳುವವರು. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರಿಗೆ ಸಕ್ಕರೆ ಇನ್ನಷ್ಟು ಇಳಿಯುವ ಸಾಧ್ಯತೆಯಿದೆ, ಊಟ ಸೇರದ ಜ್ವರದಲ್ಲಿ ಅದು ಚಿಕ್ಕ ವಿಷಯವಲ್ಲ. ಕೂಸುಗಳಿಗೆ ಹನಿಯೂ ಬೇಡ.

ಸಾಲಿನ ಉಳಿದವು. ಅಮೃತಬಳ್ಳಿಗೆ ಸೊನ್ನೆ ಕೊಡಲು ಕಾರಣ ಲಿವರ್. ಡೆಂಗಿಯೇ ಲಿವರ್ ಎಂಜೈಮ್‌ಗಳನ್ನು ಏರಿಸುತ್ತದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಅದು ಅದೇ ಜಾತಿಯ ಇನ್ನೊಂದು ಬಳ್ಳಿ ಇರಬೇಕು ಎಂಬ ವಾದವೂ ಎದ್ದಿತು. ನೋಡಲು ಒಂದೇ ಥರ ಇರುವ ಎರಡು ಬಳ್ಳಿಗಳಲ್ಲಿ ಯಾವುದು ಕಷಾಯಕ್ಕೆ ಬಿತ್ತು ಎಂದು ಮನೆಯಲ್ಲಿ ಯಾರು ಹೇಳಬಲ್ಲರು? ವಾದ ಸಮಾಧಾನ ಕೊಡುವ ಬದಲು ಭಯವನ್ನೇ ಹೆಚ್ಚಿಸುತ್ತದೆ. ನೆಲಬೇವಿನ ಕಷಾಯ ಕಹಿಯಲ್ಲಿ ಪರಂಗಿಗೂ ಅಪ್ಪ, ವಾಂತಿಯ ಮಾತು ಅದಕ್ಕೂ ಸಲ್ಲುತ್ತದೆ. ಬೇವಿನ ಎಣ್ಣೆಯನ್ನು ಮಕ್ಕಳ ಬಾಯಿಗೆ ಹಾಕಲೇಬಾರದು; ಫಿಟ್ಸ್ ಬಂದು ಮಿದುಳು, ಲಿವರ್ ಎರಡೂ ಕೆಟ್ಟ ಉದಾಹರಣೆಗಳು ದಾಖಲಾಗಿವೆ.

ಆಡಿನ ಹಾಲು ಒಳ್ಳೆಯ ಆಹಾರ, ಪ್ಲೇಟ್‌ಲೆಟ್‌ಗೂ ಅದಕ್ಕೂ ಸಂಬಂಧ ತೋರಿಸಿದವರಿಲ್ಲ. ಕಾಯಿಸದೆ ಕುಡಿದರೆ ಬ್ರುಸೆಲ್ಲೋಸಿಸ್ ಎಂಬ ಇನ್ನೊಂದು ಜ್ವರ ಉಚಿತ. ಕಿವಿ ಹಣ್ಣು ರೋಗಿಗೆ ರುಚಿಸಿದರೆ ತಿನ್ನಲಿ. ದಾಳಿಂಬೆ, ಬೀಟ್‌ರೂಟ್ ರಸ ಮಾತ್ರ ಈ ವಾರ ಬೇಡ, ಕಾರಣ ಬಣ್ಣ: ವಾಂತಿ, ಮಲ ಕೆಂಪಾದರೆ ರಕ್ತವೋ ರಸವೋ ತಿಳಿಯುವುದಿಲ್ಲ. ಹೋಮಿಯೋಪತಿಯ 200 ಎಂದು ಬರೆದ ಗುಳಿಗೆಯಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿದಿರದಷ್ಟು ತೆಳುವು, ಹಾಗಾಗಿ ಗುಳಿಗೆ ತಾನಾಗಿ ಕೆಡಿಸುವುದಿಲ್ಲ; ಅದನ್ನು ನಂಬಿ ರಕ್ತಪರೀಕ್ಷೆ ಮುಂದೂಡಿದ ದಿನ ಕೆಡಿಸುತ್ತದೆ.

ನಿಜಕ್ಕೂ ಎಚ್ಚರ ಬೇಕಿರುವುದು ಯಾರೂ ಔಷಧ ಎಂದುಕೊಳ್ಳದ ವಸ್ತುಗಳ ಬಗ್ಗೆ. ಮೈಕೈ ನೋವಿಗೆ ಉಜ್ಜುವ ಬಾಮ್ ನೋಡಿ. ಅದರ ಘಮ ಬರುವುದು ಬಹುಪಾಲು ವಿಂಟರ್‌ಗ್ರೀನ್ ಎಣ್ಣೆಯಿಂದ, ಅಂದರೆ ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಹತ್ತಿರದ ನೆಂಟ. ಶುದ್ಧ ಎಣ್ಣೆಯ ಒಂದು ಚಮಚ, ಅಂದರೆ 5 ಮಿಲಿಯಲ್ಲಿ ಸುಮಾರು 7 ಗ್ರಾಂ ಸ್ಯಾಲಿಸಿಲೇಟ್ ಇರುತ್ತದೆ. ಬಾಮಿನಲ್ಲಿ ಅಷ್ಟಿಲ್ಲದಿದ್ದರೂ ಬೆನ್ನು, ತೊಡೆಗೆಲ್ಲ ದಿನಕ್ಕೆ ನಾಲ್ಕು ಬಾರಿ ಬಳಿದರೆ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ ಎನ್ನುವ ಕಾಯಿಲೆಯಲ್ಲಿ ಇದೂ ಬೇಡ. ಗಟ್ಟಿಯಾಗಿ ನೀವಿ ತಿಕ್ಕುವುದು, ರಕ್ತ ಹೀರುವ ಬಟ್ಟಲು ಇಡಿಸುವುದು ಇವುಗಳಿಂದ ಚರ್ಮದಡಿ ರಕ್ತ ಮಡುಗಟ್ಟುತ್ತದೆ. ಇನ್ನು ಹೆಸರು, ಲೇಬಲ್ ಎರಡೂ ಇಲ್ಲದ ಜ್ವರದ ಪುಡಿ ಒಂದೇ ಡೋಸಿಗೆ ಜ್ವರ, ಮೈಕೈ ನೋವು ಎರಡನ್ನೂ ಮಾಯ ಮಾಡಿದರೆ ಸಂತೋಷಪಡಬೇಡಿ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಅಥವಾ ನೋವಿನ ಮಾತ್ರೆ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ.

ಈ ಸಾಲಿನಲ್ಲಿ ಐದಕ್ಕೆ ಐದು ಪಡೆಯುವುದು ಓಆರ್‌ಎಸ್ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಹೀಗೆ ಗುರುತಿಸಿ: ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಗ್ಲೂಕೋಸಿನ ಅಂಕಿ ಇದರ ಹಲವು ಪಟ್ಟು ಇದ್ದರೆ ಅದು ಬರೀ ಸಿಹಿ ಪಾನೀಯ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಲೋಟಕ್ಕೆ ಚೂರುಚೂರು ಸುರಿದರೆ ಒಂದು ಲೋಟ ಉಪ್ಪು, ಇನ್ನೊಂದು ಸಪ್ಪೆ. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ. ವಯಸ್ಕರಿಗೆ ಓಆರ್‌ಎಸ್, ಗಂಜಿ, ಹಣ್ಣಿನ ರಸ ಎಲ್ಲ ಸೇರಿ ದಿನಕ್ಕೆ ಕನಿಷ್ಠ ಐದು ಲೋಟ, ಸಾಧ್ಯವಾದರೆ ಹೆಚ್ಚು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ವಾಕರಿಕೆ ಇರುವವರಿಗೆ ಐದೈದು ನಿಮಿಷಕ್ಕೆ ಒಂದೆರಡು ಗುಟುಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕಿಡ್ನಿ ತೊಂದರೆ ಇರುವವರಿಗೆ ಬೇಡ. ಸಾಕಷ್ಟು ಹೋಗುತ್ತಿದೆಯೇ ಎಂದು ತಿಳಿಯಲು ಮೂತ್ರ ನೋಡಿ: ನಾಲ್ಕರಿಂದ ಆರು ಗಂಟೆಗೊಮ್ಮೆ ಆಗಬೇಕು, ಬಣ್ಣ ತೆಳುವಾಗಿರಬೇಕು.

ಪ್ಯಾರಸಿಟಮಾಲ್ ಮಿತಿಯನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಲಿವರ್ ಮಾತು ಬಂದಿರುವುದರಿಂದ. ಎರಡು ಡೋಸಿನ ನಡುವೆ ಆರು ಗಂಟೆ ಅಂತರ, ವಯಸ್ಕರಿಗೆ ದಿನಕ್ಕೆ 3 ಗ್ರಾಂ ದಾಟದಂತೆ, ಮಕ್ಕಳಿಗೆ ಪ್ರತಿ ಡೋಸಿಗೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ. ನೆಗಡಿ ಮಾತ್ರೆಗಳಲ್ಲೂ ಇದೇ ಅಡಗಿರುತ್ತದೆ, ಎರಡು ಸಲ ಲೆಕ್ಕವಾಗದಿರಲಿ.

ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಮಂಕು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು, ಉಸಿರಾಟಕ್ಕೆ ಕಷ್ಟ, ಆರು ಗಂಟೆ ಮೂತ್ರವಿಲ್ಲದಿರುವುದು: ಇವುಗಳಲ್ಲಿ ಒಂದಿದ್ದರೂ ಮೇಲಿನ ಯಾವ ಉತ್ಪನ್ನಕ್ಕೂ ಕೆಲಸವಿಲ್ಲ, ಆಸ್ಪತ್ರೆಯೇ. ಜ್ವರ ಬಿಟ್ಟ ದಿನ ಇವು ಕಾಣಿಸಿಕೊಳ್ಳುವುದು ಹೆಚ್ಚು, ಅಂದೇ ಎಲ್ಲರೂ ಸಲೀಸಾಗಿ ಉಸಿರು ಬಿಡುವುದೂ. ಹೋಗುವಾಗ ಕೊಟ್ಟದ್ದನ್ನೆಲ್ಲ ಬರೆದ ಚೀಟಿ, ಮಾತ್ರೆಯ ಖಾಲಿ ಸ್ಟ್ರಿಪ್, ಸಿರಪ್ ಬಾಟಲಿ ಜೊತೆಗಿರಲಿ. ‘ಏನೂ ಕೊಟ್ಟಿಲ್ಲ’ ಎಂದು ಮುಚ್ಚಿಟ್ಟರೆ ಲಿವರ್ ರಿಪೋರ್ಟ್ ನೋಡುವ ವೈದ್ಯರು ತಪ್ಪು ದಾರಿ ಹಿಡಿಯುತ್ತಾರೆ. ಚೀಟಿಯ ಸಾಲು ಹೀಗಿದ್ದರೆ ಸಾಕು: ಜ್ವರದ 5ನೇ ದಿನ, ಬೆಳಿಗ್ಗೆ 8ಕ್ಕೆ ಪರಂಗಿ ಸಾರದ ಮಾತ್ರೆ 1,100 ಮಿಲಿಗ್ರಾಂ ಒಂದು, 9ಕ್ಕೆ ಪ್ಯಾರಸಿಟಮಾಲ್ 500, ಓಆರ್‌ಎಸ್ ಮೂರು ಲೋಟ, ವಾಂತಿ ಒಮ್ಮೆ 8.40ಕ್ಕೆ, ಕೊನೆಯ ಮೂತ್ರ 10.15ಕ್ಕೆ.